ಸಿಆರ್‌ಎ ಆಗಲು ಬೆಂಗಳೂರಿನಲ್ಲಿ ಮೊದಲ ಕೆಲಸ ಯಾವುದಿರಲಿ?

ಕೈಯಲ್ಲಿ ಫಾರ್ಮ್ ಡಿ, ಎಂ.ಫಾರ್ಮ್ ಅಥವಾ ಲೈಫ್ ಸೈನ್ಸಸ್ ಎಂ.ಎಸ್ಸಿ ಇದೆ. ಆಗಬೇಕೆಂದಿರುವುದು ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್, ಅಂದರೆ ಸಿಆರ್‌ಎ: ಔಷಧ ಪ್ರಯೋಗ ಸರಿಯಾಗಿ ನಡೆಯುತ್ತಿದೆಯೇ ಎಂದು ಆಸ್ಪತ್ರೆಗಳಿಗೆ ಹೋಗಿ ಪರಿಶೀಲಿಸುವವರು. ಎದುರಿಗಿರುವುದು ಮಾತ್ರ ಬೇರೆ: ಆಸ್ಪತ್ರೆಯೊಂದರ ಕೋಆರ್ಡಿನೇಟರ್ ಹುದ್ದೆ, ಹೊರವರ್ತುಲ ರಸ್ತೆಯ ಟೆಕ್ ಪಾರ್ಕಿನಲ್ಲಿ ಡ್ರಗ್ ಸೇಫ್ಟಿ ಕೆಲಸ, ಆರು ತಿಂಗಳ ಡಿಪ್ಲೊಮಾಕ್ಕೆ ಸೇರಿ ಎಂದು ಬಿಡದೆ ಫೋನ್ ಮಾಡುವ ತರಬೇತಿ ಸಂಸ್ಥೆ. ಸಿಆರ್‌ಎ ಹುದ್ದೆಯ ಜಾಹೀರಾತು ತೆರೆದರೆ ಹೆಚ್ಚಿನವುಗಳಲ್ಲಿ ‘ಮಾನಿಟರಿಂಗ್ ಅನುಭವ ಕಡ್ಡಾಯ’ ಎಂದೇ ಇರುತ್ತದೆ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಎಲ್ಲಿಂದ ಬಂದೀತು?

ಈ ಷರತ್ತು ಏಕಿದೆ ಎಂದು ತಿಳಿದರೆ ಆಯ್ಕೆ ಅರ್ಧ ಹಗುರವಾಗುತ್ತದೆ. ಔಷಧವನ್ನು ಜನರ ಮೇಲೆ ಪರೀಕ್ಷಿಸುವ ಟ್ರಯಲ್‌ಗೆ ಹಣ ಹಾಕುವುದು ಔಷಧ ಕಂಪನಿ, ಅದೇ ಸ್ಪಾನ್ಸರ್. ಕೆಲಸ ನಡೆಸಿಕೊಡುವುದು ಬಹಳಷ್ಟು ಸಲ ಸಿಆರ್‌ಒ, ಅಂದರೆ ಗುತ್ತಿಗೆಯ ಸಂಶೋಧನಾ ಸಂಸ್ಥೆ. ಇವೆರಡರ ಒಪ್ಪಂದದಲ್ಲೇ ‘ಈ ಸ್ಟಡಿಯ ಸಿಆರ್‌ಎಗೆ ಇಷ್ಟು ವರ್ಷದ ಅನುಭವ ಇರಬೇಕು’ ಎಂದು ಬರೆದಿರುವುದುಂಟು. ಸಿಆರ್‌ಎ ದುಡಿಯುವ ಗಂಟೆಗಳಿಗೆ ಸ್ಪಾನ್ಸರ್ ಬಿಲ್ ತುಂಬಬೇಕು, ಹೊಸಬರ ಗಂಟೆಗೆ ಅದು ಸುಲಭವಾಗಿ ಒಪ್ಪುವುದಿಲ್ಲ. ನಿಮ್ಮ ಅಂಕಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಮೊದಲ ಕೆಲಸವನ್ನು ಅದರ ಹೆಸರು ನೋಡಿ ಆರಿಸಬೇಡಿ. ಎರಡು ವರ್ಷದ ನಂತರ ಸಂದರ್ಶನದಲ್ಲಿ ಕುಳಿತಾಗ ನಿಮ್ಮ ಬಾಯಲ್ಲಿ ಏನು ಹೇಳಲು ಇರುತ್ತದೆ ಎನ್ನುವುದನ್ನು ನೋಡಿ ಆರಿಸಿ.

ಅಳೆಯುವುದು ಯಾವುದರಿಂದ

ಸಿಆರ್‌ಎ ಮಾಡುವ ಕೆಲಸ ನಾಲ್ಕು ಬಗೆಯ ಭೇಟಿಗಳ ಸುತ್ತ ನಡೆಯುತ್ತದೆ. ಆಸ್ಪತ್ರೆ ಟ್ರಯಲ್‌ಗೆ ತಕ್ಕದ್ದೇ ಎಂದು ನೋಡುವ ಆಯ್ಕೆಯ ಭೇಟಿ, ಶುರು ಮಾಡಿಸುವ ಇನಿಷಿಯೇಷನ್, ಮತ್ತೆ ಮತ್ತೆ ಹೋಗುವ ಮಾನಿಟರಿಂಗ್, ಕೊನೆಗೆ ಕ್ಲೋಸ್ಔಟ್. ಹೋದಾಗಲೆಲ್ಲ ರೋಗಿಯ ಕೇಸ್ ಶೀಟ್, ಲ್ಯಾಬ್ ವರದಿ, ಒಪ್ಪಿಗೆ ಪತ್ರ, ಔಷಧದ ಲೆಕ್ಕ ಇವನ್ನು ಕಂಪ್ಯೂಟರಿಗೆ ಏರಿಸಿದ ಮಾಹಿತಿಯೊಂದಿಗೆ ತಾಳೆ ನೋಡಬೇಕು, ತಪ್ಪು ಹಿಡಿಯಬೇಕು, ವೈದ್ಯರಿಗೆ ನೋಯದಂತೆ ಆದರೆ ಸ್ಪಷ್ಟವಾಗಿ ಹೇಳಬೇಕು, ವಾಪಸು ಬಂದು ಗಡುವಿನೊಳಗೆ ವರದಿ ಬರೆಯಬೇಕು.

ಹಾಗಿದ್ದಲ್ಲಿ ಯಾವ ಮೊದಲ ಕೆಲಸವನ್ನಾದರೂ ಐದು ಮಾತು ಕೇಳಿ ಅಳೆಯಬಹುದು. ಅಲ್ಲಿ ಮೂಲ ದಾಖಲೆ ನಿಮ್ಮ ಕೈಗೆ ಬರುತ್ತದೆಯೇ? ಅಲ್ಲಿಂದ ಸಿಆರ್‌ಎ ಹುದ್ದೆಗೆ ಜನ ನಿಜವಾಗಿ ಹೋಗಿದ್ದಾರೆಯೇ? ಬಾಡಿಗೆ, ಊಟ, ಓಡಾಟ ಕಳೆದು ತಿಂಗಳ ಕೊನೆಗೆ ಏನು ಉಳಿಯುತ್ತದೆ? ಪ್ರಯಾಣ ನಿಮ್ಮ ಮೈಗೂ ಮನೆಗೂ ಒಗ್ಗುತ್ತದೆಯೇ? ಮನಸ್ಸು ಬದಲಾದರೆ ಅಲ್ಲಿಂದ ಬೇರೆಲ್ಲಿಗೆ ಹೋಗಬಹುದು? ಮೊದಲ ಎರಡಕ್ಕೆ ಹೆಚ್ಚು ತೂಕ ಕೊಡಿ. ಮನೆಯ ಜವಾಬ್ದಾರಿ ಹೆಗಲ ಮೇಲಿದ್ದರೆ ಮೂರನೆಯದಕ್ಕೂ ಅಷ್ಟೇ ತೂಕ ಕೊಡಿ, ಅದರಲ್ಲಿ ತಪ್ಪೇನಿಲ್ಲ.

ಆಸ್ಪತ್ರೆಯ ಕೋಆರ್ಡಿನೇಟರ್

ಆಸ್ಪತ್ರೆಯಲ್ಲಿ ಟ್ರಯಲ್‌ನ ದಿನದಿನದ ಓಡಾಟ ನೋಡಿಕೊಳ್ಳುವ, ಸಿಆರ್‌ಸಿ ಎಂದು ಕರೆಯುವ ಈ ಕೆಲಸ ಎರಡು ರೀತಿಯಲ್ಲಿ ಸಿಗುತ್ತದೆ: ಆಸ್ಪತ್ರೆಯ ಸಂಬಳಪಟ್ಟಿಯಲ್ಲೇ, ಇಲ್ಲವೇ ಆಸ್ಪತ್ರೆಗಳಿಗೆ ಕೋಆರ್ಡಿನೇಟರುಗಳನ್ನು ಕೊಡುವ ಎಸ್‌ಎಂಒ ಮೂಲಕ. ಸಂಬಳ ಕಡಿಮೆ, ಓಡಾಟ ಜಾಸ್ತಿ, ಹೆಸರಿನಲ್ಲಿ ಮೆರುಗಿಲ್ಲ. ಆದರೂ ಸಿಆರ್‌ಎ ಆಗಲೇಬೇಕು ಎಂದಿರುವವರಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಇಲ್ಲ. ಸಿಆರ್‌ಎ ಬಂದು ಹಿಡಿಯುವ ತಪ್ಪುಗಳು ಹುಟ್ಟುವ ಜಾಗದಲ್ಲೇ ನೀವು ಇರುತ್ತೀರಿ.

ಒಪ್ಪಿಗೆ ಪತ್ರವನ್ನೇ ನೋಡಿ. ಟ್ರಯಲ್ ನಡೆಸುವ ಕ್ರಮವನ್ನು ಬರೆದಿಟ್ಟ ಪ್ರೋಟೋಕಾಲ್ ತಿದ್ದುಪಡಿಯಾಗಿ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಹೊಸ ಆವೃತ್ತಿಗೆ ಅನುಮತಿ ಕೊಟ್ಟಿದೆ, ಬೀರುವಿನಲ್ಲಿ ಹಳೆಯ ಪ್ರತಿಗಳು ಉಳಿದಿವೆ, ಗಡಿಬಿಡಿಯಲ್ಲಿ ಹಳೆಯದಕ್ಕೇ ಸಹಿ ಬಿತ್ತು. ಅಥವಾ ಸಹಿಯ ಪಕ್ಕದ ದಿನಾಂಕವನ್ನು ರೋಗಿಯ ಬದಲು ಸಿಬ್ಬಂದಿಯೇ ಬರೆದರು. ಅಥವಾ ಒಪ್ಪಿಗೆ 10.40ಕ್ಕೆ, ರಕ್ತ ತೆಗೆದದ್ದು 10.15ಕ್ಕೆ. ಓದು ಬಾರದವರಾದರೆ ಹೆಬ್ಬೆಟ್ಟು ಒತ್ತಿಸಿದರಷ್ಟೇ ಸಾಲದು, ತಂಡಕ್ಕೆ ಸೇರದ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇಡೀ ಮಾತುಕತೆಯುದ್ದಕ್ಕೂ ಕುಳಿತಿದ್ದು ಸಹಿ ಹಾಕಬೇಕು. ಹೊಸ ರಾಸಾಯನಿಕ ಔಷಧದ ಟ್ರಯಲ್‌ನಲ್ಲಿ ದುರ್ಬಲ ಸ್ಥಿತಿಯ ರೋಗಿಗಳಾದರೆ ಒಪ್ಪಿಗೆಯ ಧ್ವನಿ-ದೃಶ್ಯ ಮುದ್ರಣವೂ ಬೇಕು. ಇವನ್ನು ತರಗತಿಯಲ್ಲಿ ಬಾಯಿಪಾಠ ಮಾಡಬಹುದು. ಒಪಿಡಿಯ ಗದ್ದಲದಲ್ಲಿ ಇವು ಏಕೆ ತಪ್ಪುತ್ತವೆ ಎಂದು ಗೊತ್ತಾಗುವುದು ಅಲ್ಲಿ ನಿಂತವರಿಗೇ.

ಔಷಧದ ಫ್ರಿಜ್ಜಿನದೂ ಅದೇ ಕತೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು ಭಾನುವಾರ ಕರೆಂಟ್ ಹೋಗಿ 11 ಮುಟ್ಟಿತು. ಸೋಮವಾರ ಬೆಳಿಗ್ಗೆ ಮಾಡಬೇಕಾದದ್ದು ಆ ಪೆಟ್ಟಿಗೆಗಳನ್ನು ಬೇರೆ ಇಟ್ಟು, ಗುರುತು ಹಾಕಿ, ತಾಪಮಾನದ ಲಾಗರಿನ ದಾಖಲೆ ಸಮೇತ ಸ್ಪಾನ್ಸರ್‌ಗೆ ತಿಳಿಸುವುದು. ಉತ್ತರ ಬರುವತನಕ ಒಂದು ಡೋಸೂ ರೋಗಿಗೆ ಹೋಗಕೂಡದು. ಗಂಭೀರ ಅಡ್ಡಪರಿಣಾಮವಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಂಶೋಧಕ ವೈದ್ಯರ ವರದಿ 24 ಗಂಟೆಯೊಳಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ, ಸ್ಪಾನ್ಸರ್, ಎಥಿಕ್ಸ್ ಕಮಿಟಿ ಮೂರೂ ಕಡೆ ತಲುಪಬೇಕು. ವಿಶ್ಲೇಷಣೆ ಸಹಿತದ ವರದಿಗೆ 14 ದಿನ. ರೋಗಿ ಬೇರೆ ಊರಿನ ಆಸ್ಪತ್ರೆಗೆ ದಾಖಲಾಗಿ ನಾಲ್ಕು ದಿನ ಬಿಟ್ಟು ಫೋನ್ ಮಾಡಿದಾಗ ಆ ಗಡಿಯಾರ ಹೇಗೆ ಓಡುತ್ತದೆ, ತಡವಾದದ್ದಕ್ಕೆ ಕಾರಣವನ್ನು ಹೇಗೆ ಬರೆಯಬೇಕು ಎಂಬುದು ಸಿಆರ್‌ಎ ಸಂದರ್ಶನದ ಪ್ರಶ್ನೆಯೇ.

ಇಲ್ಲಿ ಕನ್ನಡ ಬಲ್ಲವರಿಗೊಂದು ನಿಜವಾದ ಅನುಕೂಲವಿದೆ. ಕಿದ್ವಾಯಿ, ಜಯದೇವದಂಥ ಕಡೆಗೆ ರಾಯಚೂರು, ಕಲಬುರಗಿಯಿಂದ ಹಿಡಿದು ಚಾಮರಾಜನಗರದವರೆಗಿನ ರೋಗಿಗಳು ಬರುತ್ತಾರೆ. ‘ಏನೂ ತೊಂದ್ರೆ ಇಲ್ಲ, ಕಾಲು ಸ್ವಲ್ಪ ಜೋಮು ಹಿಡೀತದೆ ಅಷ್ಟೆ’ ಎಂದು ಕೀಮೋ ಪಡೆಯುತ್ತಿರುವ ರೋಗಿ ಹೇಳಿದರೆ, ಅದು ನರದ ಅಡ್ಡಪರಿಣಾಮ ಇರಬಹುದು. ವೈದ್ಯರಿಗೆ ತಿಳಿಸಬೇಕು, ತೀವ್ರತೆಯ ಗ್ರೇಡ್ ಹಾಕಿಸಬೇಕು, ದಾಖಲಿಸಬೇಕು. ‘ಏನೂ ತೊಂದ್ರೆ ಇಲ್ಲ’ ಎಂಬಷ್ಟನ್ನೇ ಕೇಳಿಸಿಕೊಂಡವರು ಅದನ್ನು ಕಳೆದುಕೊಳ್ಳುತ್ತಾರೆ. ಇಂಗ್ಲಿಷಿನಿಂದ ಅನುವಾದವಾದ ಒಪ್ಪಿಗೆ ಪತ್ರದ ಕನ್ನಡ ರೋಗಿಗೆ ಅರ್ಥವಾಗುವಂತಿದೆಯೇ ಎಂದು ಹೇಳಬಲ್ಲವರೂ ನೀವೇ. ಇದು ರೋಗಿಯ ಸುರಕ್ಷತೆಯ ಮಾತು, ಸಂಕೋಚವಿಲ್ಲದೆ ಹೇಳಿ.

ಕೆಡುಕುಗಳನ್ನೂ ಹೇಳಬೇಕು. ಒಬ್ಬರ ತಲೆಗೆ ಏಳೆಂಟು ಸ್ಟಡಿ ಕಟ್ಟುವ ಕಡೆ ಕಲಿಯಲು ಪುರಸೊತ್ತೇ ಇರುವುದಿಲ್ಲ, ಮಾಹಿತಿ ತಾಳೆಯಾಗದಾಗ ಬರುವ ಪ್ರಶ್ನೆಗಳಿಗೆ, ಅಂದರೆ ಕ್ವೆರಿಗಳಿಗೆ, ಉತ್ತರ ಬರೆಯುವುದರಲ್ಲೇ ದಿನ ಮುಗಿಯುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಒಂದೇ ಸ್ಟಡಿ ಇದ್ದು ರೋಗಿಗಳೇ ಸೇರದ ಜಾಗದಲ್ಲಿ ವರ್ಷ ವ್ಯರ್ಥ. ಸೇರುವ ಮುನ್ನ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ಜಾಲತಾಣದಲ್ಲಿ ಆ ಆಸ್ಪತ್ರೆಯ ಹೆಸರು ಹುಡುಕಿ. 2009ರ ಜೂನ್ 15ರಿಂದ ಔಷಧ ನಿಯಂತ್ರಕರ ಅನುಮತಿ ಬೇಕಾದ ಟ್ರಯಲ್‌ಗಳೆಲ್ಲ ಅಲ್ಲಿ ನೋಂದಣಿಯಾಗುವುದು ಕಡ್ಡಾಯ, ಯಾವ ಆಸ್ಪತ್ರೆ, ಯಾವ ಸಂಶೋಧಕರು, ಎಥಿಕ್ಸ್ ಕಮಿಟಿ ಅನುಮತಿ ಇದೆಯೇ ಎಲ್ಲವೂ ಯಾರು ಬೇಕಾದರೂ ನೋಡುವಂತಿದೆ. ಸಂದರ್ಶನದಲ್ಲಿ ನೀವೇ ಕೇಳಿ: ಈಗ ಎಷ್ಟು ಸ್ಟಡಿ ನಡೆಯುತ್ತಿವೆ, ಎಷ್ಟು ರೋಗಿಗಳು ಸೇರಿದ್ದಾರೆ, ಯಾವ ಹಂತದ ಟ್ರಯಲ್‌ಗಳು, ಯಾರಿಗೆ ಯಾವ ಕೆಲಸ ಒಪ್ಪಿಸಿದೆ ಎಂಬ ಪಟ್ಟಿಯಾದ ಡೆಲಿಗೇಷನ್ ಲಾಗ್‌ನಲ್ಲಿ ನನ್ನ ಹೆಸರು ಬರುತ್ತದೆಯೇ, ಸ್ಟಡಿ ಮುಗಿದರೆ ನನ್ನ ಕೆಲಸ ಮುಗಿಯುತ್ತದೆಯೇ? ಡೆಲಿಗೇಷನ್ ಲಾಗ್‌ನಲ್ಲಿ ಹೆಸರಿಲ್ಲದೆ ಮಾಡಿದ ಟ್ರಯಲ್ ಕೆಲಸ ಲೆಕ್ಕಕ್ಕೂ ಬರುವುದಿಲ್ಲ, ನಿಯಮಕ್ಕೂ ವಿರುದ್ಧ.

ಎಸ್‌ಎಂಒಗೂ ಆಸ್ಪತ್ರೆಗೂ ನಡುವೆ ಆರಿಸುವುದಾದರೆ, ಎಸ್‌ಎಂಒದಲ್ಲಿ ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ರೋಗಗಳ ಪರಿಚಯವಾಗುತ್ತದೆ, ಆದರೆ ಯಾವಾಗ ಎಲ್ಲಿಗೆ ಕಳಿಸುತ್ತಾರೋ ಹೇಳಲಾಗದು. ಮನೆ ಯಲಹಂಕದಲ್ಲಿದ್ದು ಸೈಟ್, ಅಂದರೆ ಟ್ರಯಲ್ ನಡೆಯುವ ಆಸ್ಪತ್ರೆ, ಬೊಮ್ಮಸಂದ್ರದಲ್ಲಾದರೆ, 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೂ ದಿನದ ಮೂರು ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ. ಎರಡೂ ಕೈಯಲ್ಲಿದ್ದರೆ ಕ್ಯಾನ್ಸರ್ ಟ್ರಯಲ್ ಹೆಚ್ಚಿರುವ ಕಡೆ ವಾಲುವುದು ಒಳ್ಳೆಯದು, ಅಲ್ಲಿನ ಅನುಭವಕ್ಕೆ ಮುಂದೆ ಬೇಡಿಕೆ ಜಾಸ್ತಿ.

ಸಿಆರ್‌ಒ ಒಳಗಿನ ಸಿಟಿಎ

ಕ್ಲಿನಿಕಲ್ ಟ್ರಯಲ್ ಅಸಿಸ್ಟೆಂಟ್ ಎಂಬ ಈ ಹುದ್ದೆಯ ಜೀವಾಳ ಕಡತ. ಟ್ರಯಲ್ ಮಾಸ್ಟರ್ ಫೈಲ್‌ನಲ್ಲಿ ಸಂಶೋಧಕರ ಸಿವಿ, ಟ್ರಯಲ್ ನಡೆಸುವ ಅಂತರರಾಷ್ಟ್ರೀಯ ಮಾನದಂಡವಾದ ಜಿಸಿಪಿಯ ತರಬೇತಿ ಪ್ರಮಾಣಪತ್ರ, ಎಥಿಕ್ಸ್ ಕಮಿಟಿ ಅನುಮತಿ, ಲ್ಯಾಬಿನ ಮಾನ್ಯತಾ ಪತ್ರ ಇವೆಲ್ಲ ಇವೆಯೇ, ಅವಧಿ ಮುಗಿದಿವೆಯೇ ಎಂದು ನೋಡುತ್ತ, ಸಿಆರ್‌ಎಗಳ ಬೆನ್ನು ಹತ್ತುತ್ತ ಇರಬೇಕು. ಸಂಬಳ ಕೋಆರ್ಡಿನೇಟರಿಗಿಂತ ಮೇಲು, ಕೆಲಸ ಕಚೇರಿಯದು, ಸಿಆರ್‌ಎ ಬರೆದ ವರದಿಗಳು ದಿನವೂ ಕಣ್ಣಿಗೆ ಬೀಳುತ್ತವೆ. ಒಳಗಿನವರಿಗೆ ಬಡ್ತಿ ಕೊಡುವುದು ಕಂಪನಿಗೂ ಸುಲಭ.

ಆದರೆ ಇಲ್ಲಿ ರೋಗಿ ಕಾಣುವುದಿಲ್ಲ, ಕೇಸ್ ಶೀಟೂ ಕಾಣುವುದಿಲ್ಲ. ಅಮೆರಿಕ, ಯುರೋಪಿನ ಸ್ಟಡಿಗಳ ಕಡತವನ್ನಷ್ಟೇ ನೋಡುವ ತಂಡಕ್ಕೆ ಬಿದ್ದರೆ ಭಾರತದ ಸೈಟೊಂದರ ಬಾಗಿಲನ್ನೂ ತುಳಿಯದೆ ಮೂರು ವರ್ಷ ಕಳೆಯಬಹುದು. ಆಫರ್ ಬಂದಾಗ ಎರಡು ಪ್ರಶ್ನೆ ಕೇಳಿ. ಕಳೆದ ಎರಡು ವರ್ಷದಲ್ಲಿ ಈ ತಂಡದಿಂದ ಎಷ್ಟು ಸಿಟಿಎಗಳು ಸಿಆರ್‌ಎ ಆದರು? ಹಿರಿಯ ಸಿಆರ್‌ಎ ಜತೆ ಸೈಟಿಗೆ ಹೋಗಲು ಅವಕಾಶವಿದೆಯೇ? ಮೊದಲನೆಯದಕ್ಕೆ ನುಣುಚಿಕೊಳ್ಳುವ ಉತ್ತರ ಬಂದರೆ ಅದೇ ಉತ್ತರ. ಒಳ್ಳೆಯ ಉತ್ತರ ಬಂದರೆ ಇದು ಕೋಆರ್ಡಿನೇಟರ್ ದಾರಿಗೆ ಸರಿಸಮ, ಸಂಬಳದ ದೃಷ್ಟಿಯಿಂದ ಒಂದು ಕೈ ಮೇಲೇ.

ಹೆಸರು ಕೇಳದ ಸಣ್ಣ ಕಂಪನಿಯಾದರೆ ಇನ್ನೊಂದನ್ನು ಪರೀಕ್ಷಿಸಿ. 2025ರ ಏಪ್ರಿಲ್ 1ರಿಂದ ಸಿಆರ್‌ಒಗಳು ಸಿಡಿಎಸ್‌ಸಿಒದಲ್ಲಿ ನೋಂದಣಿ ಮಾಡಿಸಲೇಬೇಕು. ನೋಂದಣಿ ಇದೆಯೇ ಎಂದು ಕೇಳುವುದು ಅಭ್ಯರ್ಥಿಯ ಹಕ್ಕು.

ಕೂತಲ್ಲಿಂದಲೇ ಮಾನಿಟರಿಂಗ್

2016ರ ಜಿಸಿಪಿ ಪರಿಷ್ಕರಣೆ, ಅಂದರೆ ಇ6 ಆರ್2, ಸೈಟಿಗೆ ಹೋಗದೆ ಕಚೇರಿಯಿಂದಲೇ ಮಾಹಿತಿ ಪರಿಶೀಲಿಸುವ ಕೇಂದ್ರೀಕೃತ ಮಾನಿಟರಿಂಗ್‌ಗೆ ಒತ್ತು ಕೊಟ್ಟಿತು. 2025ರ ಜನವರಿಯಲ್ಲಿ ಅಂತಿಮವಾದ ಆರ್3 ಅಪಾಯ ಎಲ್ಲಿದೆಯೋ ಅಲ್ಲಿಗೆ ಗಮನ ಎಂಬ ತತ್ವವನ್ನು ಇನ್ನಷ್ಟು ಗಟ್ಟಿ ಮಾಡಿದೆ. ಬೆಂಗಳೂರಿನ ದೊಡ್ಡ ಸಿಆರ್‌ಒ ಕಚೇರಿಗಳಲ್ಲಿ ಸೆಂಟ್ರಲ್ ಮಾನಿಟರ್, ಇನ್‌ಹೌಸ್ ಸಿಆರ್‌ಎ ಎಂಬ ಹುದ್ದೆಗಳಿರುವುದು ಇದರಿಂದಲೇ. ಪ್ರಯಾಣ ಆಗದವರಿಗೆ, ಚಿಕ್ಕ ಮಗು ಅಥವಾ ವಯಸ್ಸಾದ ಅಪ್ಪ ಅಮ್ಮ ಮನೆಯಲ್ಲಿರುವವರಿಗೆ ಇದು ತಾತ್ಕಾಲಿಕ ಮೆಟ್ಟಿಲಲ್ಲ, ನೆಲೆಯೂರಬಹುದಾದ ವೃತ್ತಿ. ಆದರೆ ಸೈಟಿಗೆ ಹೋಗುವ ಸಿಆರ್‌ಎ ಆಗುವ ಉದ್ದೇಶವಿದ್ದರೆ, ‘ಆನ್‌ಸೈಟ್ ಅನುಭವ’ ಕೇಳುವ ಜಾಹೀರಾತುಗಳು ಈ ವರ್ಷಗಳನ್ನು ಪೂರ್ತಿ ಎಣಿಸುವುದಿಲ್ಲ ಎಂಬುದು ತಿಳಿದಿರಲಿ. ವಿದೇಶಿ ಸಮಯದ ಪಾಳಿ ಇದೆಯೇ ಎಂದೂ ಆಫರ್ ಪತ್ರದಲ್ಲಿ ನೋಡಿಕೊಳ್ಳಿ.

ಡ್ರಗ್ ಸೇಫ್ಟಿ ಮತ್ತು ಡೇಟಾ ಮ್ಯಾನೇಜ್ಮೆಂಟ್

ಫಾರ್ಮಸಿ ಓದಿದ ಹೊಸಬರಿಗೆ ಬೆಂಗಳೂರಿನಲ್ಲಿ ಬೇಗ ಸಿಗುವ ಬಾಗಿಲು ಫಾರ್ಮಕೊವಿಜಿಲೆನ್ಸ್, ಅಂದರೆ ಇದೇ ಡ್ರಗ್ ಸೇಫ್ಟಿ. ಅಡ್ಡಪರಿಣಾಮದ ವರದಿಗಳನ್ನು ಡೇಟಾಬೇಸ್‌ಗೆ ಏರಿಸುವುದು, ಮೆಡ್‌ಡ್ರಾ ಪದಕೋಶದಲ್ಲಿ ಸರಿಯಾದ ಪದ ಹುಡುಕುವುದು, ಘಟನೆಯ ವಿವರಣೆ ಬರೆಯುವುದು. ಟ್ರಯಲ್‌ನಲ್ಲಿ ಪ್ರಾಣಕ್ಕೆ ಎರವಾಗುವ, ನಿರೀಕ್ಷಿಸದ, ಔಷಧದಿಂದಲೇ ಎಂಬ ಶಂಕೆಯ ಪ್ರಕರಣವಾದರೆ ನಿಯಂತ್ರಕರಿಗೆ 7 ದಿನ, ಹಾಗೆಯೇ ನಿರೀಕ್ಷಿಸದ, ಔಷಧದ ಶಂಕೆಯಿರುವ ಉಳಿದ ಗಂಭೀರ ಪ್ರಕರಣಗಳಿಗೆ 15 ದಿನ ಎಂಬ ಅಂತರರಾಷ್ಟ್ರೀಯ ಗಡುವಿನ ಒತ್ತಡ ಸದಾ ಇರುತ್ತದೆ. ಕೆಲಸ ಗೌರವದ್ದು, ಬೆಳೆಯಲು ಅವಕಾಶವೂ ಇದೆ.

ಸಿಆರ್‌ಎ ಕನಸಿಗೆ ಇದರ ತೊಡಕು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಎರಡು ಮೂರು ವರ್ಷದಲ್ಲಿ ಇಲ್ಲಿನ ಸಂಬಳ ಏರಿರುತ್ತದೆ, ಆದರೆ ಸೈಟಿನ ಅನುಭವ ಸೊನ್ನೆ. ಆಗ ಸಿಆರ್‌ಎ ಕಡೆ ತಿರುಗಬೇಕೆಂದರೆ ಕೋಆರ್ಡಿನೇಟರ್ ಅಥವಾ ಸಿಟಿಎ ಮಟ್ಟಕ್ಕೆ ಇಳಿದು ಕಡಿಮೆ ಸಂಬಳಕ್ಕೆ ಸೇರಬೇಕು, ಅಷ್ಟು ಹೊತ್ತಿಗೆ ಇಎಂಐ ಶುರುವಾಗಿರುತ್ತದೆ. ಹಾಗಾಗಿ ಮನೆಗೆ ಈಗಲೇ ಹಣ ಬೇಕಿದ್ದು ಇದನ್ನು ಹಿಡಿಯುವುದಾದರೆ, ದಾರಿ ಬದಲಿಸುವ ತೀರ್ಮಾನವನ್ನು ಒಂದೂವರೆ ವರ್ಷದೊಳಗೆ ಮಾಡಿ. ಟ್ರಯಲ್‌ನ ಮಾಹಿತಿಯಲ್ಲಿ ತಪ್ಪು ಹುಡುಕಿ ಕ್ವೆರಿ ಕಳಿಸುವ ಡೇಟಾ ಮ್ಯಾನೇಜ್ಮೆಂಟ್‌ಗೂ ಬಹುತೇಕ ಇದೇ ಮಾತು. ಒಂದು ವ್ಯತ್ಯಾಸವೆಂದರೆ ಕ್ವೆರಿಗಳ ಅಭ್ಯಾಸ ಸೆಂಟ್ರಲ್ ಮಾನಿಟರಿಂಗ್‌ಗೆ ಚೆನ್ನಾಗಿ ಒದಗುತ್ತದೆ.

ಒಂದೇ ಔಷಧದ ಎರಡು ತಯಾರಿಕೆಗಳು ರಕ್ತಕ್ಕೆ ಸಮನಾಗಿ ಸೇರುತ್ತವೆಯೇ ಎಂದು ಆರೋಗ್ಯವಂತ ಸ್ವಯಂಸೇವಕರ ಮೇಲೆ ನೋಡುವ ಬಯೋಈಕ್ವಿವಲೆನ್ಸ್ ಅಧ್ಯಯನ ನಡೆಸುವ ಘಟಕಗಳೂ ಇವೆ. ನಿಮಿಷದ ಲೆಕ್ಕದಲ್ಲಿ ರಕ್ತ ತೆಗೆಯುವ ಶಿಸ್ತು ಅಲ್ಲಿ ಮೈಗೂಡುತ್ತದೆ, ಆದರೆ ರೋಗಿಗಳ ಟ್ರಯಲ್‌ಗೆ ಜನ ಹುಡುಕುವವರು ಅದನ್ನು ಬೇರೆಯೇ ಅನುಭವವೆಂದು ನೋಡುತ್ತಾರೆ.

ಸರ್ಕಾರಿ ಅನುದಾನದ ಪ್ರಾಜೆಕ್ಟುಗಳು

ಹೆಚ್ಚಿನವರು ಮರೆಯುವ ದಾರಿ ಇದು. ನಿಮ್ಹಾನ್ಸ್, ಸೇಂಟ್ ಜಾನ್ಸ್‌ನಂಥ ಕಡೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮೊದಲಾದವುಗಳ ಅನುದಾನದ ಪ್ರಾಜೆಕ್ಟುಗಳಿಗೆ ಗುತ್ತಿಗೆ ಮೇಲೆ ಸಿಬ್ಬಂದಿ ತೆಗೆದುಕೊಳ್ಳುತ್ತಾರೆ, ಪ್ರಕಟಣೆ ಸಂಸ್ಥೆಯ ಜಾಲತಾಣದಲ್ಲೇ ಬರುತ್ತದೆ. ವಿಜ್ಞಾನವನ್ನು ಇಲ್ಲಿ ಚೆನ್ನಾಗಿ ಕಲಿಯಬಹುದು. ಪ್ರಾಜೆಕ್ಟು ಮುಗಿದಾಗ ಕೆಲಸವೂ ಮುಗಿಯುತ್ತದೆ. ಸೇರುವಾಗ ಅದು ಚಿಕಿತ್ಸೆ ಕೊಟ್ಟು ಪರೀಕ್ಷಿಸುವ ಟ್ರಯಲ್ಲೋ ಸಮೀಕ್ಷೆಯೋ ಎಂದು ಕೇಳಿ. ಸಮೀಕ್ಷೆಯಾದರೆ ಪಿಎಚ್‌ಡಿಗೆ ದಾರಿ, ಸಿಆರ್‌ಎಗೆ ಅಷ್ಟಾಗಿ ಅಲ್ಲ.

ಡಿಪ್ಲೊಮಾಕ್ಕೆ ಹಣ ಹಾಕಬೇಕೇ?

ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲೇ, ಅದಕ್ಕೇ ಬಿಡಿಸಿ ಹೇಳಬೇಕಾಗಿದೆ. ಮೊದಲು ಉಚಿತವಾದದ್ದನ್ನು ಮುಗಿಸಿ. ಜಿಸಿಪಿ ತರಬೇತಿ ಆನ್‌ಲೈನಿನಲ್ಲಿ ಹಣವಿಲ್ಲದೆ ಸಿಗುತ್ತದೆ. ಈಗ ಕಲಿಯುವವರು ಆರ್3 ಪ್ರಕಾರದ್ದನ್ನೇ ಆರಿಸಿ. ಚೆನ್ನೈನ ಐಸಿಎಂಆರ್-ಎನ್‌ಐಇ ರೂಪಿಸಿದ ‘ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್’ ಕೋರ್ಸ್ ಆನ್‌ಲೈನ್ ಕಲಿಕೆಯ ತಾಣವಾದ ಎನ್‌ಪಿಟಿಇಎಲ್‌ನಲ್ಲಿದೆ. 2019ರ ನಿಯಮಗಳನ್ನೂ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯನ್ನೂ ಮೂಲದಲ್ಲೇ ಓದಿ, ಸಂದರ್ಶನದಲ್ಲಿ ಓದಿದವರು ಬೇರೆಯಾಗಿಯೇ ಕಾಣುತ್ತಾರೆ.

ಫಾರ್ಮ್ ಡಿ, ಎಂ.ಫಾರ್ಮ್, ಬಿಡಿಎಸ್, ಬಿಎಎಂಎಸ್, ನರ್ಸಿಂಗ್ ಓದಿದವರಿಗೆ ಖಾಸಗಿ ಡಿಪ್ಲೊಮಾ ಬಹುಮಟ್ಟಿಗೆ ಬೇಡ. ಸಾದಾ ಬಿ.ಎಸ್ಸಿ ಇದ್ದವರಿಗೆ, ಆಸ್ಪತ್ರೆಯ ಪರಿಚಯವೇ ಇಲ್ಲದವರಿಗೆ ಸ್ವಲ್ಪ ಉಪಯೋಗವಿದೆ, ಆದರೆ ಒಂದು ಷರತ್ತಿನ ಮೇಲೆ: ನಿಜವಾದ ಆಸ್ಪತ್ರೆಯಲ್ಲಿ, ನಡೆಯುತ್ತಿರುವ ಟ್ರಯಲ್‌ನಲ್ಲಿ ಕನಿಷ್ಠ ಎರಡು ಮೂರು ತಿಂಗಳ ಇಂಟರ್ನ್‌ಶಿಪ್ ಇದೆ ಎಂದು ಬರಹದಲ್ಲಿ ಕೊಡಬೇಕು. ಯಾವ ಆಸ್ಪತ್ರೆ, ಯಾರ ಮೇಲ್ವಿಚಾರಣೆ ಎಂದು ಕೇಳಿ, ಆ ಆಸ್ಪತ್ರೆಗೇ ಹೋಗಿ ವಿಚಾರಿಸಿ. ಶುಲ್ಕವನ್ನು ಕೋಆರ್ಡಿನೇಟರ್ ಕೆಲಸದ ಸಂಬಳಕ್ಕೆ ಹೋಲಿಸಿ ನೋಡಿ. ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚಾದರೆ, ಅದೇ ನಾಲ್ಕು ತಿಂಗಳು ಸೈಟಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವುದೇ ಲಾಭ.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದವರನ್ನು ಯಾವ ಹುದ್ದೆ ಎಂದು ಕೇಳಿ. ಹೆಚ್ಚಾಗಿ ಸಂದರ್ಶನಕ್ಕೆ ಕಳಿಸುವುದನ್ನೇ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಹಣ ಪಡೆದು ಎರಡು ವರ್ಷದ ಅನುಭವ ಪತ್ರ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಲೇಬೇಡಿ. ಸಿಆರ್‌ಒಗಳು ಪಿಎಫ್‌ನ ಯುಎಎನ್ ಸೇವಾ ವಿವರ, ಫಾರ್ಮ್ 16, ಸಂಬಳ ಜಮೆಯಾದ ಬ್ಯಾಂಕ್ ವಿವರ ತೆಗೆಸುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ದಾಖಲೆಯ ಸತ್ಯವನ್ನೇ ಕಾಯಬೇಕಾದ ವೃತ್ತಿಯಲ್ಲಿ ಆ ಹೆಸರು ಮತ್ತೆ ಮೇಲೇಳುವುದು ಕಷ್ಟ. ಈ ವೃತ್ತಿಯವರ ಅಮೆರಿಕದ ಸಂಘವಾದ ಎಸಿಆರ್‌ಪಿ ಸಿಆರ್‌ಎಗಳಿಗೆ ಕೊಡುವ ಸಿಸಿಆರ್‌ಎ ಪ್ರಮಾಣಪತ್ರದ ಹಿಂದೆಯೂ ಈಗಲೇ ಹೋಗಬೇಡಿ. ಅದು 3,000 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ.

ಯಾರಿಗೆ ಯಾವುದು

ಒಬ್ಬರೇ ಇದ್ದು, ಎರಡು ವರ್ಷ ಕಡಿಮೆ ಹಣದಲ್ಲಿ ನಿಭಾಯಿಸಬಲ್ಲಿರಿ, ಊರೂರು ತಿರುಗುವ ಉತ್ಸಾಹವಿದೆ ಎಂದರೆ ಟ್ರಯಲ್‌ಗಳು ಬಿರುಸಾಗಿ ನಡೆಯುವ ಆಸ್ಪತ್ರೆಯ ಕೋಆರ್ಡಿನೇಟರ್ ಕೆಲಸಕ್ಕೆ ಸೇರಿ. ಮನೆಗೆ ಹಣ ಕಳಿಸಬೇಕಿದ್ದರೆ ಸಿಟಿಎ ಮೊದಲು, ಅದು ಸಿಗದಿದ್ದರೆ ಗಡುವು ಹಾಕಿಕೊಂಡು ಡ್ರಗ್ ಸೇಫ್ಟಿ. ಪ್ರಯಾಣ ಆಗದು ಎಂದರೆ ಸೆಂಟ್ರಲ್ ಮಾನಿಟರಿಂಗ್ ಅಥವಾ ಡೇಟಾ ಮ್ಯಾನೇಜ್ಮೆಂಟ್, ಕೊರಗಿಲ್ಲದೆ. ಏಕೆಂದರೆ ಸಿಆರ್‌ಎ ತಿಂಗಳಲ್ಲಿ ಎಂಟು ಹತ್ತು ದಿನ ಸೈಟಿನಲ್ಲಿರುವುದು ಸಾಮಾನ್ಯ. ಇಂದು ಮೈಸೂರು, ನಾಳಿದ್ದು ಬೆಳಗಾವಿ, ಮುಂದಿನ ವಾರ ಕೊಯಮತ್ತೂರು. ಟಿಕೆಟ್, ಹೋಟೆಲ್ ಖರ್ಚನ್ನು ಕೆಲವು ಕಂಪನಿಗಳಲ್ಲಿ ಮೊದಲು ಕೈಯಿಂದ ಹಾಕಿ ಆಮೇಲೆ ಪಡೆಯಬೇಕು, ಅದಕ್ಕೂ ಒಂದಿಷ್ಟು ಉಳಿತಾಯ ಬೇಕು. ಆಫರ್‌ಗಳನ್ನು ಹೋಲಿಸುವಾಗ ಸಿಟಿಸಿ ನೋಡಬೇಡಿ. ಮಾಲೀಕರ ಪಾಲಿನ ಪಿಎಫ್, ಗ್ರಾಚುಯಿಟಿ, ಸಿಕ್ಕರೆ ಸಿಕ್ಕಿತು ಎನ್ನುವ ವೇರಿಯಬಲ್ ಕಳೆದು ತಿಂಗಳಿಗೆ ಕೈಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ.

ಯಾವ ದಾರಿಯಾದರೂ ಮೊದಲ ದಿನದಿಂದ ಒಂದು ಪುಸ್ತಕ ಇಡಿ. ಯಾವ ರೋಗ, ಯಾವ ಹಂತ, ಎಷ್ಟು ರೋಗಿಗಳ ಸ್ಕ್ರೀನಿಂಗ್, ಎಷ್ಟು ಮಾನಿಟರಿಂಗ್ ಭೇಟಿಗಳಿಗೆ ತಯಾರಿ ಮಾಡಿದಿರಿ, ಮಾಹಿತಿ ಏರಿಸಲು ಯಾವ ಇಡಿಸಿ ತಂತ್ರಾಂಶ, ಆಡಿಟ್ ಅಥವಾ ತಪಾಸಣೆ ಆಗಿತ್ತೇ, ಯಾವ ಲೋಪ ಸಿಕ್ಕಿತು, ಅದನ್ನು ಹೇಗೆ ಸರಿಪಡಿಸಿದಿರಿ. ರೋಗಿಯ ಹೆಸರಾಗಲಿ, ಸಂಖ್ಯೆಯಾಗಲಿ, ಸ್ಟಡಿಯ ಗೋಪ್ಯ ವಿವರವಾಗಲಿ ಅದರಲ್ಲಿ ಬರಕೂಡದು. ಹದಿನೆಂಟು ತಿಂಗಳಾದ ಮೇಲೆ ಅರ್ಜಿ ಹಾಕಲು ಶುರು ಮಾಡಿ, ನಿಮ್ಮ ಸೈಟಿಗೆ ಬರುವ ಸಿಆರ್‌ಎಗಳನ್ನೇ ಮೊದಲು ಕೇಳಿ. ನಿಮ್ಮ ಕಡತ ಹೇಗಿರುತ್ತದೆ ಎಂದು ಅವರು ಕಣ್ಣಾರೆ ನೋಡಿರುತ್ತಾರೆ. ಹೊರಡುವ ಮುನ್ನ ನೋಟಿಸ್ ಅವಧಿ ಎಷ್ಟು ಎಂದು ನೇಮಕಾತಿ ಪತ್ರ ತೆಗೆದು ನೋಡಿ. 90 ದಿನವಿದ್ದರೆ ಹೊಸ ಕಂಪನಿಗೆ ಮೊದಲ ಕರೆಯಲ್ಲೇ ಹೇಳಿಬಿಡಿ.